ಸಂಬಳದಿಂದ ಮುರಿಯುವ ರಾಜ್ಯದ ತೆರಿಗೆ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಿದರ್ಶನದೊಡನೆ ಒಂದು ವಿವರಣೆ

ಗಾಣಕ್ಕೂ ಮಗ್ಗಕ್ಕೂ ತೆರಿಗೆ ಹಾಕುವುದು ಕನ್ನಡ ನಾಡಿನಲ್ಲಿ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಮೈಸೂರು ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಮೊಹತರ್ಫಾ ಎಂಬ ಹೆಸರಿನಿಂದ ಮಗ್ಗ, ಗಾಣ, ಅಂಗಡಿ ಮೊದಲಾದುವುಗಳ ಮೇಲೆ ತೆರಿಗೆ ಎತ್ತಲಾಗುತ್ತಿದ್ದಿತು. ಕಸಬಿನ ಮೇಲಣ ತೆರಿಗೆಯ ಹಳೆಯ ರೂಪವಿದು. ಕಸಬುದಾರನ ಆದಾಯವೆಷ್ಟೆಂಬುದು ಅಲ್ಲಿ ಮುಖ್ಯವಲ್ಲ. ಅವನ ಮನೆಯಲ್ಲಿ ಮಗ್ಗಗಳೆಷ್ಟು, ಅಂಗಳದಲ್ಲಿ ಗಾಣಗಳೆಷ್ಟು ಎಂಬುದೇ ತೆರಿಗೆಗೆ ಅಳತೆಗೋಲು.

ಚಿತ್ರದುರ್ಗ ಜಿಲ್ಲೆಯ ಪೂರ್ವ ಹಾಗೂ ಈಶಾನ್ಯ ಭಾಗದಲ್ಲಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಈ ಎರಡು ಕಸಬುಗಳಿಗೂ ಹೆಸರಾದ ಸೀಮೆ. ಮಳೆ ಕಡಮೆಯಾದ ಈ ನೆಲದಲ್ಲಿ ಶೇಂಗಾ ಮುಖ್ಯ ಬೆಳೆ; ಅದನ್ನು ಆಶ್ರಯಿಸಿ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು ಬೆಳೆದುವು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಅರಿಯದವರು ನಾಡಿನಲ್ಲಿ ವಿರಳ. ಇಂದು ಇಲ್ಲಿ ಸರ್ಕಾರ ಗಾಣವನ್ನಾಗಲಿ ಮಗ್ಗವನ್ನಾಗಲಿ ಎಣಿಸುವುದಿಲ್ಲ. ಗಿರಣಿಯ ಲೆಕ್ಕಿಗನ, ಶಾಲೆಯ ಅಧ್ಯಾಪಕನ, ಕಛೇರಿಯ ಗುಮಾಸ್ತನ ತಿಂಗಳ ಸಂಬಳವನ್ನು ಎಣಿಸುತ್ತದೆ. ಅದೂ ತಾನಾಗಿ ಎಣಿಸದೆ, ಸಂಬಳ ಕೊಡುವವನ ಕೈಯಿಂದಲೇ ಎಣಿಸಿ, ಮುರಿಸಿ, ಖಜಾನೆಗೆ ತರಿಸಿಕೊಳ್ಳುತ್ತದೆ. ವೃತ್ತಿ ತೆರಿಗೆಯೆಂಬ ಈ ಕಟಾವಣೆಯ ಸ್ವರೂಪವೇನು, ಅದನ್ನು ಎಣಿಸುವ ಕ್ರಮವೇನು, ಅದರ ಭಾರ ಯಾರ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊತ್ತ ಸಣ್ಣದು, ಇದಕ್ಕೆ ಇಷ್ಟು ವಿವರಣೆ ಏತಕ್ಕೆ ಎಂದು ವಾಚಕರು ಕೇಳಬಹುದು. ಈ ಸೀಮೆಯಿಂದ ನಮ್ಮಲ್ಲಿಗೆ ಓದಲು ಬರುವ ವಿದ್ಯಾರ್ಥಿಗಳು ಮನೆಯವರ ಸಂಬಳದ ಚೀಟಿಯನ್ನು ತೋರಿಸಿ, ಈ 200 ರೂಪಾಯಿ ಏನು, ಫೆಬ್ರವರಿಯಲ್ಲಿ ಮಾತ್ರ 300 ಏಕೆ ಎಂದು ಕೇಳುವುದುಂಟು. ಅರ್ಥಶಾಸ್ತ್ರವನ್ನು ಬೋಧಿಸುವ ನಮ್ಮಲ್ಲಿಯೇ ಎಷ್ಟೋ ಮಂದಿ ಆ ಸಾಲನ್ನು ಓದದೆ ಚೀಟಿಯನ್ನು ಮಡಿಸಿಡುತ್ತೇವೆ. ತನ್ನಿಂದ ಏನನ್ನು ಏಕೆ ತೆಗೆದುಕೊಂಡರೆಂದು ತಿಳಿಯದವನು ತಪ್ಪು ನಡೆದಾಗ ಕೇಳಲಾರ. ಈ ತೆರಿಗೆಯಲ್ಲಿ ಅವನು ಕೇಳದಿದ್ದರೆ ಅವನ ಪರವಾಗಿ ಕೇಳುವವರು ಯಾರೂ ಇಲ್ಲವೆಂಬುದನ್ನು ಮುಂದೆ ಕಾಣುವೆವು.

1. ರಾಜ್ಯಕ್ಕೆ ಆದಾಯ ತೆರಿಗೆ ಏಕಿಲ್ಲ?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲಸ ಮಾಡುವ ನಮ್ಮ ಕನ್ನಡಿಗರ ಸಂಬಳದಿಂದ ಎರಡು ಆದಾಯ ತೆರಿಗೆಗಳು ಮುರಿಯುತ್ತವೆ: ಒಂದು ಒಕ್ಕೂಟ ಸರ್ಕಾರದ್ದು, ಇನ್ನೊಂದು ರಾಜ್ಯದ್ದು. ಟೆಕ್ಸಸ್ಸಿಗೆ ಹೋದರೆ ಎರಡನೆಯದು ಇರುವುದಿಲ್ಲ. ಆ ರಾಜ್ಯ ಆದಾಯ ತೆರಿಗೆಯನ್ನು ವಿಧಿಸಿಲ್ಲ. ಅಲ್ಲಿ ಇದು ಆಯಾ ರಾಜ್ಯದ ಇಷ್ಟಕ್ಕೆ ಬಿಟ್ಟ ವಿಷಯ. ಭಾರತದಲ್ಲಿ ಹಾಗಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 82ನೆಯ ನಮೂದು ಕೃಷಿಯೇತರ ಆದಾಯದ ಮೇಲಣ ತೆರಿಗೆಯನ್ನು ಕೇಂದ್ರಕ್ಕೆ ಕೊಟ್ಟಿದೆ. ರಾಜ್ಯ ಪಟ್ಟಿಯ 46ನೆಯ ನಮೂದು ಕೃಷಿ ಆದಾಯದ ತೆರಿಗೆಯನ್ನೂ, 60ನೆಯ ನಮೂದು ವೃತ್ತಿ, ಕಸಬು, ಆಜೀವಿಕೆ ಮತ್ತು ಉದ್ಯೋಗಗಳ ಮೇಲಣ ತೆರಿಗೆಯನ್ನೂ ರಾಜ್ಯಗಳಿಗೆ ಕೊಟ್ಟಿವೆ. ಆದುದರಿಂದ ಸಂಬಳಗಾರನ ಆದಾಯವನ್ನು ಆದಾಯವೆಂದು ಹೆಸರಿಟ್ಟು ಮುಟ್ಟುವ ಅಧಿಕಾರ ರಾಜ್ಯಕ್ಕಿಲ್ಲ. ಅವನ ಉದ್ಯೋಗವೆಂಬ ಬಾಗಿಲಿನಿಂದ ಮಾತ್ರ ಅದು ಒಳಗೆ ಬರಬಹುದು.

ಚಳ್ಳಕೆರೆಯ ಗುಮಾಸ್ತನೊಬ್ಬನ ಆದಾಯ ತೆರಿಗೆ ನೇರವಾಗಿ ಮೈಸೂರಿನ ಬೊಕ್ಕಸಕ್ಕೆ ಸೇರುತ್ತಿದ್ದ ಕಾಲವೂ ಇದ್ದಿತು. ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ಆದಾಯ ತೆರಿಗೆ ಕಾನೂನು ಇದ್ದಿತು. ಸಂಸ್ಥಾನಗಳ ಹಣಕಾಸು ಕೇಂದ್ರದೊಡನೆ ಬೆಸೆದಾಗ, 1950ರ ಏಪ್ರಿಲ್ 1ರಿಂದ, 1922ರ ಭಾರತದ ಆದಾಯ ತೆರಿಗೆ ಕಾನೂನು ಮೈಸೂರಿಗೂ ವಿಸ್ತರಿಸಿತು. ಅಂದಿನಿಂದ ಆದಾಯ ತೆರಿಗೆ ಮೊದಲು ಕೇಂದ್ರಕ್ಕೆ ಹೋಗಿ, ಹಣಕಾಸು ಆಯೋಗ ಹೇಳಿದ ಪ್ರಮಾಣದಲ್ಲಿ ಪಾಲಾಗಿ ರಾಜ್ಯಕ್ಕೆ ಮರಳುತ್ತದೆ. ಸಂಬಳದಿಂದ ನೇರವಾಗಿ ರಾಜ್ಯಕ್ಕೆ ಬರುವುದಾಗಿ ಉಳಿದದ್ದು ವೃತ್ತಿ ತೆರಿಗೆಯೊಂದೇ.

2. ಮಿತಿಯ ಇತಿಹಾಸ: 50, 250, 2,500

ಉದ್ಯೋಗದ ಮೇಲೆ ತೆರಿಗೆ ಹಾಕಬಹುದೆಂದ ಮೇಲೆ, ಸಂಬಳದ ಪ್ರಮಾಣಕ್ಕನುಗುಣವಾಗಿ ಏರುವ ತೆರಿಗೆಯನ್ನೇ ಆ ಹೆಸರಿನಿಂದ ಹಾಕಿದರೆ ಅದಕ್ಕೂ ಆದಾಯ ತೆರಿಗೆಗೂ ಭೇದವೇನು? ಈ ಪ್ರಶ್ನೆ ಬಹಳ ಹಿಂದೆಯೇ ಎದ್ದಿತು. 1939ರಲ್ಲಿ ಸಂಯುಕ್ತ ಪ್ರಾಂತದ ಸರ್ಕಾರ ಉದ್ಯೋಗ ತೆರಿಗೆಯ ಮಸೂದೆಯೊಂದನ್ನು ತಂದು, ಹೆಚ್ಚಿನ ಸಂಬಳದವರಿಂದ ಏರುವ ದರದಲ್ಲಿ ತೆರಿಗೆ ಪಡೆಯಲು ಮುಂದಾಯಿತು. ಇದು ಬೇರೆ ಹೆಸರಿನ ಆದಾಯ ತೆರಿಗೆಯೇ ಎಂಬ ಆಕ್ಷೇಪ ಬಲವಾಗಿ, 1935ರ ಭಾರತ ಸರ್ಕಾರ ಕಾಯಿದೆಗೆ 142-ಎ ಎಂಬ ಕಲಮು ಸೇರಿತು. ಯಾವೊಬ್ಬ ವ್ಯಕ್ತಿಯ ಮೇಲೂ ವೃತ್ತಿ ತೆರಿಗೆ ವರ್ಷಕ್ಕೆ 50 ರೂಪಾಯಿಗಳನ್ನು ಮೀರಕೂಡದೆಂದು ಅದು ಕಟ್ಟುಮಾಡಿತು.

ನಮ್ಮ ಸಂವಿಧಾನದ 276ನೆಯ ಅನುಚ್ಛೇದ ಈ ಏರ್ಪಾಡನ್ನೇ ಮುಂದುವರಿಸಿತು. ಅದರಲ್ಲಿ ಎರಡು ಮಾತುಗಳಿವೆ. ಆದಾಯಕ್ಕೆ ಸಂಬಂಧಿಸಿದೆಯೆಂಬ ಕಾರಣ ಮಾತ್ರದಿಂದ ವೃತ್ತಿ ತೆರಿಗೆಯ ಕಾನೂನು ಅಸಿಂಧುವಾಗುವುದಿಲ್ಲ ಎಂಬುದು ಮೊದಲನೆಯದು. ಒಬ್ಬ ವ್ಯಕ್ತಿಯಿಂದ ರಾಜ್ಯ ವರ್ಷಕ್ಕೆ ಪಡೆಯಬಹುದಾದ ಮೊತ್ತಕ್ಕೆ ಮಿತಿಯುಂಟು ಎಂಬುದು ಎರಡನೆಯದು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತಡೆದಂತಿದೆ ಈ ವಿಧಿ. ಮಿತಿ 1950ರಲ್ಲಿ 250 ರೂಪಾಯಿಯಾಗಿದ್ದಿತು. 1988ರ ಅರುವತ್ತನೆಯ ತಿದ್ದುಪಡಿ ಅದನ್ನು 2,500 ರೂಪಾಯಿಗೆ ಏರಿಸಿತು. ಅಂದಿನಿಂದ ಸಂಬಳಗಳು ಎಷ್ಟು ಮಡಿ ಬೆಳೆದಿದ್ದರೂ ಆ ಅಂಕಿ ಕದಲಿಲ್ಲ.

ಕರ್ನಾಟಕದಲ್ಲಿ ಈ ಅಧಿಕಾರವನ್ನು ಬಳಸಿ ಮಾಡಿದ ಕಾನೂನು 1976ರ ಕರ್ನಾಟಕ ವೃತ್ತಿಗಳ, ಕಸಬುಗಳ, ಆಜೀವಿಕೆಗಳ ಮತ್ತು ಉದ್ಯೋಗಗಳ ಮೇಲಣ ತೆರಿಗೆ ಅಧಿನಿಯಮ. ಸಂಬಳಗಾರರು ಅದರ ಅನುಸೂಚಿಯ ಮೊದಲ ವರ್ಗ. ಸ್ವತಂತ್ರವಾಗಿ ವೃತ್ತಿ ನಡೆಸುವ ವಕೀಲರು, ವೈದ್ಯರು, ವ್ಯಾಪಾರಿಗಳು ಮೊದಲಾದವರು ತಾವೇ ದಾಖಲಾಗಿ ವರ್ಷಕ್ಕೊಮ್ಮೆ ತೆರಬೇಕು. ನಮ್ಮ ಪ್ರಕೃತ ವಿಷಯ ಮೊದಲ ವರ್ಗ ಮಾತ್ರ.

3. ಎಣಿಕೆಯ ಕ್ರಮ

ಸಂಬಳಗಾರರ ವೃತ್ತಿ ತೆರಿಗೆಯ ನಿಯಮ ಸರಳ. 2023ರ ಏಪ್ರಿಲ್ 1ರಿಂದ, ಯಾರ ತಿಂಗಳ ಸಂಬಳ 25,000 ರೂಪಾಯಿಗೆ ಕಡಮೆಯಿಲ್ಲವೋ ಅವರು ಮಾತ್ರ ಈ ತೆರಿಗೆಗೆ ಒಳಗಾಗುತ್ತಾರೆ. ತಿಂಗಳಿಗೆ 200 ರೂಪಾಯಿ. 2025ರ ತಿದ್ದುಪಡಿಯಿಂದ, ಆ ವರ್ಷದ ಏಪ್ರಿಲ್ ಮೊದಲ್ಗೊಂಡು, ಫೆಬ್ರವರಿ ತಿಂಗಳಿಗೆ ಮಾತ್ರ 300 ರೂಪಾಯಿ. ಹನ್ನೊಂದು ತಿಂಗಳ 200 ಸೇರಿ 2,200, ಫೆಬ್ರವರಿಯ 300 ಸೇರಿ 2,500. ಸಂವಿಧಾನದ ಮಿತಿ ತುಂಬಿತು. ಹಿಂದೆ 200ನ್ನು ಹನ್ನೆರಡು ತಿಂಗಳು ತೆಗೆದಾಗ 2,400 ಆಗಿ, ವರ್ಷಕ್ಕೆ 100 ರೂಪಾಯಿ ಉಳಿಯುತ್ತಿದ್ದಿತು. ಅದನ್ನು ಹನ್ನೆರಡು ಪಾಲು ಮಾಡಿದರೆ ಚಿಲ್ಲರೆ ಕಾಸಿನ ತೊಡಕು. ಆದ ಕಾರಣ ಒಂದೇ ತಿಂಗಳಿನಲ್ಲಿ ಸೇರಿಸಿದರು. ನೆರೆಯ ಮಹಾರಾಷ್ಟ್ರದಲ್ಲಿ ಈ ಪದ್ಧತಿ ಮೊದಲೇ ಇದ್ದಿತು. ವಿದ್ಯಾರ್ಥಿಗಳು ಕೇಳುವ ಫೆಬ್ರವರಿಯ ಪ್ರಶ್ನೆಗೆ ಉತ್ತರವಿಷ್ಟೆ.

ಇಲ್ಲಿ ಸಂಬಳವೆಂದರೆ ಕೈಗೆ ಬಂದ ಹಣವಲ್ಲ. ಮೂಲವೇತನ, ತುಟ್ಟಿಭತ್ಯೆ, ನಿಯತವಾಗಿ ದೊರೆಯುವ ಇತರ ಭತ್ಯೆಗಳು ಇವೆಲ್ಲ ಕೂಡಿದ ಒಟ್ಟು ಮೊತ್ತ. ಭವಿಷ್ಯ ನಿಧಿ, ವಿಮೆ, ಸಹಕಾರ ಸಂಘದ ಸಾಲದ ಕಂತು ಮುರಿದ ಮೇಲೆ ಒಬ್ಬನ ಕೈಗೆ 21,000 ರೂಪಾಯಿ ಮಾತ್ರ ಬರಬಹುದು. ಒಟ್ಟು ಸಂಬಳ 25,000 ಮುಟ್ಟಿದ್ದರೆ ಅವನು ತೆರಿಗೆಗೆ ಒಳಗಾದವನೇ. ಕೈಗೆ ಬಂದುದನ್ನೇ ಸಂಬಳವೆಂದೆಣಿಸಿ ಅನ್ಯಾಯವಾಯಿತೆಂದು ಕೊರಗುವವರು ಈ ಭೇದವನ್ನು ಗಮನಿಸಬೇಕು.

ತೆರಿಗೆ ನೌಕರನದು, ಹೊಣೆ ಸಂಬಳ ಕೊಡುವವನದು. ತೆರಿಗೆಗೊಳಗಾದ ನೌಕರರುಳ್ಳ ಮಾಲೀಕನು ನೋಂದಣಿ ಮಾಡಿಸಿಕೊಂಡು, ಸಂಬಳ ಬಟವಾಡೆ ಮಾಡುವ ಮೊದಲೇ ತೆರಿಗೆಯನ್ನು ಮುರಿದುಕೊಂಡು, ತಿಂಗಳು ಮುಗಿದ ಇಪ್ಪತ್ತು ದಿನಗಳೊಳಗೆ ತಃಖ್ತೆಯೊಡನೆ ಸಂದಾಯ ಮಾಡತಕ್ಕದ್ದು. ಮುರಿದುಕೊಳ್ಳಲು ಮರೆತರೂ ಸಂದಾಯದ ಹೊಣೆ ತಪ್ಪುವುದಿಲ್ಲವೆಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಅರುವತ್ತು ವರ್ಷ ಮೀರಿದವರಿಗೆ ವಿನಾಯಿತಿಯುಂಟು.

ಈ ನಿಯಮದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ‘ತಿಂಗಳ’ ಎಂಬುದು. ಪ್ರತಿಯೊಂದು ತಿಂಗಳೂ ತನ್ನಷ್ಟಕ್ಕೆ ತಾನು ಬೇರೆ. ಏಪ್ರಿಲಿನ ಸಂಬಳ ಮೇ ತಿಂಗಳ ತೆರಿಗೆಯನ್ನು ನಿರ್ಧರಿಸುವುದಿಲ್ಲ. ವರ್ಷದ ಸರಾಸರಿಗೆ ಇಲ್ಲಿ ಸ್ಥಾನವಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕಿಗನಿಗೆ ತಿಂಗಳಿಗೆ 24,000 ರೂಪಾಯಿ ಸಂಬಳ. ಶೇಂಗಾ ಸುಗ್ಗಿಯಾಗಿ ಗಿರಣಿ ಬಿಡುವಿಲ್ಲದೆ ನಡೆಯುವ ಅಕ್ಟೋಬರಿನಿಂದ ಜನವರಿಯ ವರೆಗೆ ನಾಲ್ಕು ತಿಂಗಳು, ಹೆಚ್ಚಿನ ಹೊಣೆಗಾಗಿ ತಿಂಗಳಿಗೆ 2,500 ರೂಪಾಯಿ ವಿಶೇಷ ವೇತನ ಸೇರಿ 26,500 ಆಗುತ್ತದೆ. ಅವನ ವರ್ಷದ ತೆರಿಗೆಯೆಷ್ಟು?

ಸರಿಯಾದ ಲೆಕ್ಕ: ನಾಲ್ಕು ತಿಂಗಳು ಮಾತ್ರ ಸಂಬಳ 25,000ವನ್ನು ಮುಟ್ಟಿದೆ. 200ರ ನಾಲ್ಕರಷ್ಟು, ಅಂದರೆ 800 ರೂಪಾಯಿ.

ಮೊದಲನೆಯ ತಪ್ಪು ಲೆಕ್ಕ: ವರ್ಷದ ಸಂಬಳವನ್ನು ಕೂಡಿ ಹನ್ನೆರಡರಿಂದ ಭಾಗಿಸುವುದು. ಎಂಟು ತಿಂಗಳಿಗೆ 1,92,000, ನಾಲ್ಕು ತಿಂಗಳಿಗೆ 1,06,000, ಒಟ್ಟು 2,98,000. ಸರಾಸರಿ ಸುಮಾರು 24,833. ಇದು 25,000ಕ್ಕೆ ಕಡಮೆಯೆಂದು ಏನೂ ಮುರಿಯದೆ ಬಿಟ್ಟರೆ, ಆ 800 ಮಾಲೀಕನ ತಲೆಯ ಮೇಲೆ ಉಳಿಯುತ್ತದೆ.

ಎರಡನೆಯ ತಪ್ಪು ಲೆಕ್ಕ: ಅಕ್ಟೋಬರಿನಲ್ಲಿ ಹೆಸರು ಒಮ್ಮೆ ತೆರಿಗೆಯ ಪಟ್ಟಿಗೆ ಸೇರಿತೆಂದು ಮಾರ್ಚಿಯ ವರೆಗೂ ಮುರಿಯುತ್ತ ಹೋಗುವುದು. ಫೆಬ್ರವರಿ ಬಿಟ್ಟು ಐದು ತಿಂಗಳಿಗೆ 1,000, ಫೆಬ್ರವರಿಗೆ 300; ಒಟ್ಟು 1,300. ನೌಕರನು 500 ರೂಪಾಯಿ ಹೆಚ್ಚಾಗಿ ತೆತ್ತಂತಾಯಿತು. ಗಣಕದಲ್ಲಿ ಪ್ರತಿ ತಿಂಗಳೂ ಹಿಂದಿನ ತಿಂಗಳ ಬಿಲ್ಲನ್ನೇ ನಕಲು ಮಾಡುವ ಸಣ್ಣ ಕಛೇರಿಗಳಲ್ಲಿ ಈ ತಪ್ಪಿಗೆ ಅವಕಾಶ ಹೆಚ್ಚು.

ಫೆಬ್ರವರಿಯ 300ಕ್ಕೂ ಇದೇ ನ್ಯಾಯ. 28,000 ಸಂಬಳದವನೊಬ್ಬ ಫೆಬ್ರವರಿಯಲ್ಲಿ ಅರ್ಧ ತಿಂಗಳು ಸಂಬಳರಹಿತ ರಜೆಯ ಮೇಲಿದ್ದು 14,000 ಮಾತ್ರ ಪಡೆದರೆ, ಆ ತಿಂಗಳು ಅವನಿಗೆ ತೆರಿಗೆಯೇ ಇಲ್ಲ. ಜನವರಿಯಲ್ಲಿ ತೆತ್ತನೆಂಬುದು ಅದಕ್ಕೆ ಕಾರಣವಾಗದು. ಜನವರಿಯ ಕೊನೆಗೆ ಕೆಲಸ ಬಿಟ್ಟು ಮುಂದೆ ಎಲ್ಲಿಯೂ ಸೇರದವನು ಆ ವರ್ಷ ಹತ್ತು ತಿಂಗಳಿಗೆ 2,000 ಮಾತ್ರ ತೆರುತ್ತಾನೆ. 2,500 ಎಂಬುದು ಮೇಲಿನ ಮಿತಿಯೇ ಹೊರತು, ಪ್ರತಿಯೊಬ್ಬನಿಂದಲೂ ವರ್ಷದಲ್ಲಿ ತುಂಬಿಸಿಕೊಳ್ಳಬೇಕಾದ ಬಾಕಿಯಲ್ಲ.

ಮೊಳಕಾಲ್ಮೂರಿನ ನೇಕಾರರ ಸಂಗತಿ ಬೇರೆ. ಮನೆಯ ಮಗ್ಗದಲ್ಲಿ ಕೂಲಿಗೆ ನೇಯುವವರಿಗೆ ಸೀರೆಯ ಲೆಕ್ಕದಲ್ಲಿ ಹಣ ಬರುತ್ತದೆ. ಒಂದು ಸೀರೆ ಮಗ್ಗದಿಂದ ಇಳಿಯಲು ಎಷ್ಟು ದಿನ ಹಿಡಿಯಿತೋ ಅಷ್ಟು ದಿನದ ಸಂಪಾದನೆ ಒಟ್ಟಿಗೆ ಕೈಗೆ ಬರುತ್ತದೆ. ತಿಂಗಳ ಸಂಬಳವೆಂಬ ಕಲ್ಪನೆಯೇ ಅವರ ಬಾಳಿಗೆ ಹೊಂದಿಕೊಂಡಿಲ್ಲ. ಮಗ್ಗದೆರೆಯ ಕಾಲದಲ್ಲಿ ತೆರಿಗೆಯ ಮೊದಲ ಸಾಲಿನಲ್ಲಿದ್ದವರು ಈ ಕಟಾವಣೆಯ ಲೆಕ್ಕದಿಂದ ಬಹುಮಟ್ಟಿಗೆ ಹೊರಗುಳಿದಿದ್ದಾರೆ. ಅವರ ಮಕ್ಕಳು ಓದಿ ಶಾಲೆಗೋ ಬ್ಯಾಂಕಿಗೋ ಕೆಲಸಕ್ಕೆ ಸೇರಿದಾಗ, ಮನೆತನದಲ್ಲಿ ಮೊದಲ ಬಾರಿಗೆ ಸಂಬಳದ ಚೀಟಿಯನ್ನೂ ಅದರ ಕಟಾವಣೆಯ ಅಂಕಣವನ್ನೂ ಕಾಣುತ್ತಾರೆ.

4. ತಿಂಗಳ ಲೆಕ್ಕ ಮತ್ತು ವರ್ಷದ ಲೆಕ್ಕ

ಮೇಲೆ ಹೇಳಿದ ತಪ್ಪುಗಳಿಗೆ ಒಂದು ಮುಖ್ಯ ಕಾರಣವುಂಟು. ಅದೇ ಸಂಬಳದ ಚೀಟಿಯಲ್ಲಿ, ಪಕ್ಕದ ಸಾಲಿನಲ್ಲಿ, ಕೇಂದ್ರದ ಆದಾಯ ತೆರಿಗೆಯೂ ಮುರಿಯುತ್ತದೆ. ಆದರೆ ಅದರ ಲೆಕ್ಕದ ಧಾಟಿ ಇದಕ್ಕೆ ತೀರ ವಿರುದ್ಧ. ಎರಡನ್ನೂ ಒಬ್ಬನೇ ಗುಮಾಸ್ತ ಬರೆಯುವಾಗ ಒಂದರ ರೀತಿ ಇನ್ನೊಂದಕ್ಕೆ ಅಂಟಿಕೊಳ್ಳುವುದು ಸಹಜ.

ಆದಾಯ ತೆರಿಗೆಯನ್ನು ಸಂಬಳದಿಂದ ಮುರಿಯುವ ವಿಧಾನ 1961ರ ಕಾನೂನಿನ 192ನೆಯ ಕಲಮಿನಲ್ಲಿ ರೂಪುಗೊಂಡದ್ದು; 2025ರಲ್ಲಿ ರಚಿತವಾದ ಹೊಸ ಆದಾಯ ತೆರಿಗೆ ಅಧಿನಿಯಮವೂ ಅದೇ ತತ್ತ್ವವನ್ನು ಉಳಿಸಿಕೊಂಡಿದೆ. ತತ್ತ್ವವೇನೆಂದರೆ, ಮಾಲೀಕನು ವರ್ಷದ ಆರಂಭದಲ್ಲಿಯೇ ನೌಕರನ ಇಡೀ ವರ್ಷದ ಆದಾಯವನ್ನು ಅಂದಾಜು ಮಾಡಿ, ಅದರ ಮೇಲಣ ತೆರಿಗೆಯನ್ನು ಎಣಿಸಿ, ಆ ಸರಾಸರಿ ದರದಲ್ಲಿ ತಿಂಗಳು ತಿಂಗಳೂ ಮುರಿಯಬೇಕು. ನಡುವೆ ಸಂಬಳ ಏರಿದರೆ ಅಥವಾ ಇಳಿದರೆ ಉಳಿದ ತಿಂಗಳುಗಳಲ್ಲಿ ಸರಿದೂಗಿಸಬೇಕು.

ಉದಾಹರಣೆಗೆ, 2025–26ರ ಹೊಸ ಪದ್ಧತಿಯ ದರಗಳಂತೆ, ತಿಂಗಳಿಗೆ 1,25,000 ರೂಪಾಯಿ ಸಂಬಳದ ಕಾಲೇಜು ಅಧ್ಯಾಪಕರೊಬ್ಬರ ಲೆಕ್ಕವನ್ನು ತೆಗೆದುಕೊಳ್ಳೋಣ. ವರ್ಷಕ್ಕೆ 15,00,000. ಪ್ರಮಾಣಿತ ಕಡಿತ 75,000 ಕಳೆದು 14,25,000. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ 4 ಲಕ್ಷಕ್ಕೆ ಶೇಕಡ 5ರಂತೆ 20,000. ಅದರ ಮುಂದಿನ 4 ಲಕ್ಷಕ್ಕೆ ಶೇಕಡ 10ರಂತೆ 40,000. ಉಳಿದ 2,25,000ಕ್ಕೆ ಶೇಕಡ 15ರಂತೆ 33,750. ಒಟ್ಟು 93,750. ಶೇಕಡ 4ರ ಉಪಕರ 3,750 ಸೇರಿ 97,500. ಇದರ ಹನ್ನೆರಡನೆಯ ಒಂದು ಪಾಲು 8,125 ರೂಪಾಯಿ ತಿಂಗಳಿಗೆ ಮುರಿಯಬೇಕಾದ ಮೊತ್ತ. ಅದೇ ಅಧ್ಯಾಪಕರ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಹಳೆಯ ಪದ್ಧತಿಯನ್ನು ಆರಿಸಿಕೊಂಡವರು, ತೆತ್ತ ವೃತ್ತಿ ತೆರಿಗೆಯನ್ನು ಆದಾಯದಿಂದ ಕಳೆದು ಲೆಕ್ಕ ಹಾಕಬಹುದು. ಹೊಸ ಪದ್ಧತಿಯಲ್ಲಿ ಆ ಸೌಲಭ್ಯವಿಲ್ಲ.

ಎರಡರ ನಡುವೆ ಇನ್ನೊಂದು ಅಂತರವುಂಟು; ನೌಕರನ ದೃಷ್ಟಿಯಿಂದ ಅದೇ ದೊಡ್ಡದು. ಆದಾಯ ತೆರಿಗೆ ಹೆಚ್ಚಾಗಿ ಮುರಿದಿದ್ದರೆ, ವರ್ಷದ ಕೊನೆಗೆ ಅವನೇ ವಿವರಪಟ್ಟಿಯನ್ನು ಸಲ್ಲಿಸಿ ಹೆಚ್ಚಿನದನ್ನು ಹಿಂದಕ್ಕೆ ಪಡೆಯುತ್ತಾನೆ. ಆ ವಿವರಪಟ್ಟಿಯೇ ಲೆಕ್ಕದ ಎರಡನೆಯ ಪರಿಶೀಲನೆ. ವೃತ್ತಿ ತೆರಿಗೆಯಲ್ಲಿ ಸಂಬಳಗಾರನು ಯಾವ ವಿವರಪಟ್ಟಿಯನ್ನೂ ಸಲ್ಲಿಸುವುದಿಲ್ಲ, ತಃಖ್ತೆಯೆಲ್ಲ ಮಾಲೀಕನದೇ. ಎಣಿಸಿದವನೇ ತನ್ನ ಎಣಿಕೆಯನ್ನು ಒಪ್ಪಿ ರುಜು ಹಾಕುತ್ತಾನೆ. ಆದುದರಿಂದ ತಪ್ಪಿದ್ದರೆ ಅದನ್ನು ಕಾಣಬಲ್ಲವನು ಚೀಟಿಯನ್ನು ಓದುವ ನೌಕರನೊಬ್ಬನೇ. ಸರಿಪಡಿಸಿಕೊಳ್ಳುವ ದಾರಿಯೂ ಮೊದಲಿಗೆ ಮಾಲೀಕನ ಮೂಲಕವೇ. ಎರಡು ಕಡೆ ದುಡಿಯುವವರು ಇನ್ನೂ ಎಚ್ಚರದಿಂದಿರಬೇಕು. 2,500ರ ಮಿತಿ ವ್ಯಕ್ತಿಗೆ ಹೇಳಿದ್ದೇ ಹೊರತು ಉದ್ಯೋಗಕ್ಕೆ ಹೇಳಿದ್ದಲ್ಲ. ಒಂದು ಕಡೆ ಪೂರ್ತಿ ಮುರಿಯುತ್ತಿರುವುದನ್ನು ಇನ್ನೊಂದು ಕಡೆ ಬರೆಹದಲ್ಲಿ ತಿಳಿಸದಿದ್ದರೆ, ಎರಡೂ ಕಡೆ ಮುರಿದು ಮಿತಿ ಮೀರುವುದು ಅಸಂಭವವೇನಲ್ಲ.

5. ಗಡಿಯ ಆಚೆ ಈಚೆ

ಮೊಳಕಾಲ್ಮೂರು ಕರ್ನಾಟಕದ ಗಡಿ ತಾಲ್ಲೂಕು. ಅದರ ನೆರೆಯ ರಾಯದುರ್ಗ ಆಂಧ್ರಪ್ರದೇಶದ್ದು. ರಾಯದುರ್ಗ 1953ರ ವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಆ ವರ್ಷದ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋಯಿತು. ಎರಡೂ ಕಡೆಯ ಜನ ಕನ್ನಡ, ತೆಲುಗು ಎರಡನ್ನೂ ಆಡುವವರು. ಸಂತೆಗೂ ಸಂಬಂಧಕ್ಕೂ ಗಡಿಯನ್ನು ದಾಟುವವರು. ಆದಾಯ ತೆರಿಗೆಗೆ ಈ ಗಡಿ ಲೆಕ್ಕಕ್ಕಿಲ್ಲ. ವೃತ್ತಿ ತೆರಿಗೆಗೆ ಉಂಟು. ನೌಕರನು ಎಲ್ಲಿ ವಾಸಿಸುತ್ತಾನೆಂಬುದಲ್ಲ, ಎಲ್ಲಿ ಉದ್ಯೋಗ ಮಾಡುತ್ತಾನೆಂಬುದರ ಮೇಲೆ ಯಾವ ರಾಜ್ಯದ ಕಾನೂನೆಂಬುದು ನಿರ್ಧಾರವಾಗುತ್ತದೆ. ಆಂಧ್ರದ ಕಾನೂನು 1987ರದು. 2013ರ ಪರಿಷ್ಕರಣದಂತೆ ಅಲ್ಲಿ ತಿಂಗಳಿಗೆ 15,000 ರೂಪಾಯಿಯ ವರೆಗೆ ತೆರಿಗೆಯಿಲ್ಲ. ಅದರ ಮೇಲೆ 20,000ದ ವರೆಗೆ 150. ಅದಕ್ಕೂ ಮೇಲ್ಪಟ್ಟು 200. ಈ ದರಗಳನ್ನು ಕರ್ನಾಟಕದ ದರಗಳೊಡನೆ ಹೋಲಿಸಿದರೆ, ಫೆಬ್ರವರಿಯನ್ನು ಬಿಟ್ಟು ಉಳಿದ ತಿಂಗಳುಗಳಲ್ಲಿ ಹೀಗಾಗುತ್ತದೆ:

ಸಂಬಳ 14,000: ಮೊಳಕಾಲ್ಮೂರಿನಲ್ಲಿ ಇಲ್ಲ, ರಾಯದುರ್ಗದಲ್ಲಿ ಇಲ್ಲ.
ಸಂಬಳ 18,000: ಮೊಳಕಾಲ್ಮೂರಿನಲ್ಲಿ ಇಲ್ಲ, ರಾಯದುರ್ಗದಲ್ಲಿ 150.
ಸಂಬಳ 22,000: ಮೊಳಕಾಲ್ಮೂರಿನಲ್ಲಿ ಇಲ್ಲ, ರಾಯದುರ್ಗದಲ್ಲಿ 200.
ಸಂಬಳ 30,000: ಮೊಳಕಾಲ್ಮೂರಿನಲ್ಲಿ 200, ರಾಯದುರ್ಗದಲ್ಲಿ 200.

ಕೊನೆಯ ಸಾಲಿನವನು ಮೊಳಕಾಲ್ಮೂರಿನಲ್ಲಿ ವರ್ಷಕ್ಕೆ 2,500, ರಾಯದುರ್ಗದಲ್ಲಿ 2,400 ತೆರುತ್ತಾನೆ. ಮೇಲಿನ ಸಾಲುಗಳಲ್ಲಿ ಅಂತರ ತಿರುಗುಮುರುಗು: ತಿಂಗಳಿಗೆ 22,000 ಪಡೆಯುವ ಶಾಲಾ ಅಧ್ಯಾಪಕಿ ಗಡಿಯ ಈಚೆ ಏನನ್ನೂ ತೆರಳು, ಆಚೆ 2,400 ತೆರುವಳು. ಎರಡು ರಾಜ್ಯಗಳೂ ಒಂದೇ ಸಂವಿಧಾನದ ಒಂದೇ ಮಿತಿಯೊಳಗೆ ನಡೆಯುತ್ತಿವೆ. ಮಿತಿ ಮೇಲಿನಿಂದ ಬಿಗಿಯಾಗಿರುವುದರಿಂದ, ಭೇದವೆಲ್ಲ ಕೆಳಗಿನ ಹೊಸ್ತಿಲನ್ನು ಎಲ್ಲಿಡಬೇಕೆಂಬುದರಲ್ಲಿ ಮಾತ್ರ.

6. ಹೊಸ್ತಿಲಿನ ಪ್ರಶ್ನೆ

ಕರ್ನಾಟಕದ ಹೊಸ್ತಿಲು 2015ರಲ್ಲಿ 15,000ಕ್ಕೂ, 2023ರಲ್ಲಿ 25,000ಕ್ಕೂ ಏರಿತು. ಇದರಿಂದ ಕಡಮೆ ಸಂಬಳದವರಿಗೆ ನಿಜವಾದ ಬಿಡುಗಡೆ ದೊರೆತದ್ದನ್ನು ಮರೆಯಲಾಗದು. ಆದರೆ ಹೊಸ್ತಿಲನ್ನು ಮುಟ್ಟಿದೊಡನೆ ತೆರಿಗೆ ಪೂರ್ತಿಯಾಗಿ ಬೀಳುತ್ತದೆ, ಮೆಟ್ಟಿಲುಗಳಿಲ್ಲ. ತಿಂಗಳಿಗೆ 24,900 ಪಡೆಯುತ್ತಿದ್ದವನಿಗೆ 100 ರೂಪಾಯಿ ಬಡ್ತಿ ಸಿಕ್ಕಿ 25,000 ಆಯಿತೆನ್ನೋಣ. ವರ್ಷಕ್ಕೆ ಅವನಿಗೆ ಬಂದದ್ದು 1,200, ಹೋದದ್ದು 2,500. ಬಡ್ತಿಯಿಂದ 1,300 ರೂಪಾಯಿ ನಷ್ಟ. ಆದಾಯ ತೆರಿಗೆಯಲ್ಲಿ ಇಂಥ ಇಕ್ಕಟ್ಟಿಗೆ ಅಂಚಿನ ಪರಿಹಾರವೆಂಬ ಏರ್ಪಾಡು ಇದೆ. 2025–26ರ ಹೊಸ ಪದ್ಧತಿಯಲ್ಲಿ ತೆರಿಗೆಯೋಗ್ಯ ಆದಾಯ 12,00,000ದ ವರೆಗೆ ತೆರಿಗೆಯಿಲ್ಲ. ಆದಾಯ 12,10,000 ಆದರೆ, ದರದಂತೆ 61,500 ಆಗಬೇಕಾದ ತೆರಿಗೆ, ಮಿತಿಯನ್ನು ಮೀರಿದ 10,000ಕ್ಕೆ ಇಳಿಯುತ್ತದೆ. ಹನ್ನೆರಡು ಲಕ್ಷದವನಿಗೆ ದೊರೆತ ಈ ಕನಿಕರ ಮೂರು ಲಕ್ಷದವನಿಗೆ ವೃತ್ತಿ ತೆರಿಗೆಯಲ್ಲಿ ದೊರೆತಿಲ್ಲ.

ಇನ್ನು ಹೊಸ್ತಿಲಿನ ಒಳಗಿರುವವರ ನಡುವಣ ನ್ಯಾಯ. ಚಳ್ಳಕೆರೆ ತಾಲ್ಲೂಕಿನಲ್ಲಿ ಎಣ್ಣೆ ಗಿರಣಿಗಳ ಜೊತೆಗೆ ಈಗ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೂ, ವರವು ಕಾವಲಿನಲ್ಲಿ 2017ರಲ್ಲಿ ಆರಂಭವಾದ ವೈಮಾನಿಕ ಪರೀಕ್ಷಾ ನೆಲೆಯೂ ಇವೆ. ಆದುದರಿಂದ ಒಂದೇ ತಾಲ್ಲೂಕಿನಲ್ಲಿ ಬಹು ದೂರ ದೂರದ ಸಂಬಳಗಳು ಅಕ್ಕಪಕ್ಕದಲ್ಲಿವೆ. ಎಲ್ಲರ ಮೇಲೂ ತೆರಿಗೆ ಒಂದೇ. ಅದರ ಭಾರವನ್ನು ವರ್ಷದ ಸಂಬಳದ ಶೇಕಡಾವಾರಿನಲ್ಲಿ ನೋಡಿದರೆ:

ತಿಂಗಳಿಗೆ 25,000, ವರ್ಷಕ್ಕೆ 3,00,000: ಶೇಕಡ 0.83.
ತಿಂಗಳಿಗೆ 50,000, ವರ್ಷಕ್ಕೆ 6,00,000: ಶೇಕಡ 0.42.
ತಿಂಗಳಿಗೆ 1,25,000, ವರ್ಷಕ್ಕೆ 15,00,000: ಶೇಕಡ 0.17.
ತಿಂಗಳಿಗೆ 2,50,000, ವರ್ಷಕ್ಕೆ 30,00,000: ಶೇಕಡ 0.08.

ಗಿರಣಿಯ ಲೆಕ್ಕಿಗನ ಭಾರ ಹಿರಿಯ ವಿಜ್ಞಾನಿಯದಕ್ಕಿಂತ ಹತ್ತುಪಟ್ಟು. ಇದಕ್ಕೆ ಬೆಂಗಳೂರಿನ ಶಾಸನಸಭೆಯನ್ನು ಮಾತ್ರ ದೂರುವುದು ಸರಿಯಲ್ಲ. ಹೆಚ್ಚು ಸಂಬಳದವನಿಂದ ಹೆಚ್ಚು ಪಡೆಯುವ ದಾರಿಯನ್ನು ಸಂವಿಧಾನದ ಮಿತಿ ಮುಚ್ಚಿದೆ. ರಾಜ್ಯಕ್ಕೆ ಉಳಿದಿರುವ ಸ್ವಾತಂತ್ರ್ಯ ಕೆಳಗಿನವನನ್ನು ಬಿಡುವುದು ಅಥವಾ ಹಿಡಿಯುವುದು, ಇಷ್ಟೇ. 2025ರಲ್ಲಿ ಉಳಿದಿದ್ದ 100 ರೂಪಾಯಿಯನ್ನೂ ಸೇರಿಸಿಕೊಂಡ ಮೇಲೆ, ಮಿತಿಯೊಳಗೆ ಏರಲು ಎಡೆಯೇ ಉಳಿದಿಲ್ಲ. ಮುಂದೆ ಒಂದು ರೂಪಾಯಿ ಹೆಚ್ಚಿಸಬೇಕಾದರೂ ಸಂಸತ್ತು ಸಂವಿಧಾನವನ್ನು ತಿದ್ದಬೇಕು.

ಹಾಗೆಂದು ಮಿತಿಯನ್ನು ಏರಿಸಿದ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದೆಂದು ನಾವು ಹೇಳಲಾರೆವು. ಮಿತಿ ಏರಿದಾಗ ಮೆಟ್ಟಿಲುಗಳನ್ನು ಕಟ್ಟದೆ ಎಲ್ಲರ ಮೇಲೂ ಸಮನಾಗಿ ಹೆಚ್ಚಿಸಿದರೆ, ಹೊಸ್ತಿಲಿನ ಮೇಲೆ ನಿಂತವನ ಪಾಡು ಇನ್ನೂ ಕಷ್ಟವಾಗುತ್ತದೆ. ಸಂಬಳಕ್ಕೆ ತಕ್ಕಂತೆ ಏರುವ ಮೆಟ್ಟಿಲುಗಳು, ಹೊಸ್ತಿಲಿನಲ್ಲಿ ಅಂಚಿನ ಪರಿಹಾರ, ಇವೆರಡೂ ಜೊತೆಯಲ್ಲಿ ಬಂದರೆ ಮಾತ್ರ ಏರಿಕೆಗೆ ಅರ್ಥವುಂಟು. ಅವುಗಳಲ್ಲಿ ಎರಡನೆಯದಕ್ಕೆ ಸಂಸತ್ತಿನ ಅಪ್ಪಣೆಯೂ ಬೇಡ. 25,000ವನ್ನು ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಕೂಡದೆಂಬ ಒಂದು ವಾಕ್ಯವನ್ನು ರಾಜ್ಯವೇ ತನ್ನ ಅನುಸೂಚಿಗೆ ಸೇರಿಸಬಹುದು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಂಬಳಗಾರರು ನೆನಪಿಡಬೇಕಾದುವು ನಾಲ್ಕು. ಒಂದು, ಒಟ್ಟು ಸಂಬಳವನ್ನು ನೋಡಬೇಕು, ಕೈಗೆ ಬಂದುದನ್ನಲ್ಲ. ಎರಡು, ಪ್ರತಿ ತಿಂಗಳನ್ನೂ ಬೇರೆಯಾಗಿ ನೋಡಬೇಕು. ಸಂಬಳ ಇಳಿದ ತಿಂಗಳಿನಲ್ಲಿಯೂ ಮುರಿದಿದ್ದರೆ ಕೇಳಬೇಕು. ಮೂರು, ಫೆಬ್ರವರಿಯ 300 ಫೆಬ್ರವರಿಯ ಸಂಬಳಕ್ಕೆ ಮಾತ್ರ ಸಂಬಂಧಿಸಿದ್ದು. ನಾಲ್ಕು, ಏಪ್ರಿಲಿನಿಂದ ಮಾರ್ಚಿಯ ವರೆಗೆ ಎಲ್ಲ ಚೀಟಿಗಳನ್ನೂ ಕೂಡಿದಾಗ 2,500 ಮೀರಿರಕೂಡದು. ಈ ನಾಲ್ಕನ್ನು ನೋಡಲು ಗಣಕ ಬೇಕಿಲ್ಲ; ಹನ್ನೆರಡು ಚೀಟಿ ಮತ್ತು ಒಂದು ಪೆನ್ಸಿಲು ಸಾಕು.

ಅಧ್ಯಾಪಕರಲ್ಲಿ ನಮ್ಮದೊಂದು ಬಿನ್ನಹ. ಸಾರ್ವಜನಿಕ ಹಣಕಾಸನ್ನು ಬೋಧಿಸುವಾಗ ಪ್ರಗತಿಪರ ತೆರಿಗೆ, ಪ್ರತಿಗಾಮಿ ತೆರಿಗೆ ಎಂಬ ಮಾತುಗಳಿಗೆ ದೂರದ ದೇಶಗಳಿಂದ ಉದಾಹರಣೆ ತರುವುದು ವಾಡಿಕೆಯಾಗಿದೆ. ತಾನು ಕೈಯಲ್ಲಿ ಹಿಡಿದ ಚೀಟಿಯಲ್ಲಿಯೇ ಎರಡೂ ಅಕ್ಕಪಕ್ಕದ ಸಾಲುಗಳಲ್ಲಿವೆಯೆಂದು ಚಳ್ಳಕೆರೆಯ ಗುಮಾಸ್ತನ ಮಗಳಿಗೂ ಮೊಳಕಾಲ್ಮೂರಿನ ನೇಕಾರನ ಮಗನಿಗೂ ತೋರಿಸಿಕೊಟ್ಟರೆ, ಪಾಠ ತರಗತಿಯಲ್ಲಿ ನಿಲ್ಲದೆ ಮನೆಗೂ ಹೋಗುತ್ತದೆ. ಮಗ್ಗದೆರೆಯ ಕಾಲದಲ್ಲಿ ತನ್ನ ಮನೆಯಲ್ಲಿ ಮಗ್ಗಗಳೆಷ್ಟಿವೆಯೆಂಬುದನ್ನು ನೇಕಾರನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ತೆರಿಗೆಯ ಲೆಕ್ಕ ಅವನ ಕಣ್ಣ ಮುಂದೆಯೇ ಇದ್ದಿತು. ಇಂದಿನ ಸಂಬಳಗಾರನಿಗೂ ತನ್ನ ತೆರಿಗೆಯ ಲೆಕ್ಕ ಅಷ್ಟೇ ಸ್ಪಷ್ಟವಾಗಿ ತಿಳಿದಿರಬೇಕೆಂಬುದೇ ನಮ್ಮ ಆಶಯ.